ಇಂಗ್ಲಿಷ್ ಹೆಣಕ್ಕೆ ನಾನು ಅತ್ತದ್ದು

ಇಂಗ್ಲೆಂಡಿನ ಹಳ್ಳಿಗಳಲ್ಲಿ ಕೊಲೆ ನಡೆಯುವ ಕಾದಂಬರಿಗಳನ್ನು ಶಿವಮೊಗ್ಗ ಜಿಲ್ಲೆಯಲ್ಲಿ ನನ್ನಷ್ಟು ಓದಿದವರಿಲ್ಲ. ಇದ್ದರೆ ಅವರೇ ಕೊಲೆಗಾರರು. ಮೂರನೆಯ ಪುಟಕ್ಕೇ ಅಪರಾಧಿಯನ್ನು ಹಿಡಿದುಬಿಡುತ್ತೇನೆ. ಉಳಿದ ಇನ್ನೂರು ಪುಟ ಓದುವುದು ಬರೆದವರಿಗೆ ಬೇಸರವಾಗದಿರಲಿ ಎಂದು.

ತೊಂಬತ್ತನಾಲ್ಕನೇ ಇಸವಿಯಲ್ಲಿ ನನ್ನ ಅಕ್ಕ ಚೌಡಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಭದ್ರಾವತಿಯಿಂದ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಗೆ ಬಂದಳು. ಅವಳಿಗೆ ಇದ್ದದ್ದೇ ಒಂದು ಕಣ್ಣು. ಆಪರೇಷನ್ ಮುಗಿಸಿ ಪಟ್ಟಿ ಕಟ್ಟಿದ ಡಾಕ್ಟರು, “ಒಂದು ವಾರ ಅಳಬಾರದು. ಹೊಲಿಗೆ ಬಿಟ್ಟರೆ ಕಣ್ಣು ಹೋಗುತ್ತೆ” ಎಂದರು.

ಅಳಬಾರದು! ನಮ್ಮಕ್ಕ! ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಯಾರು ಸತ್ತರೂ, ಸತ್ತವರ ಗುಣ ಹಾಡಿಕೊಂಡು ಅಳಲು ಅವಳನ್ನೇ ಕರೆಯುತ್ತಿದ್ದರು. ಅವಳು ಶುರುಮಾಡಿದರೆ ಭದ್ರಾ ಹೊಳೆ ಎರಡಡಿ ಏರುತ್ತಿತ್ತು. ಟಿ.ವಿ. ಹಾಕಿದರೂ ಅಳು, ಊರಿನ ಸುದ್ದಿ ಹೇಳಿದರೂ ಅಳು. ಅದಕ್ಕೇ ಒಂದು ಇಂಗ್ಲಿಷ್ ಕೊಲೆಯನ್ನು ಆರಿಸಿ ಕನ್ನಡದಲ್ಲಿ ಹೇಳತೊಡಗಿದೆ. ಸತ್ತವನು ಗುಲಾಬಿ ಬೆಳೆಸಿಕೊಂಡು, ನಾಯಿ ಸಾಕಿಕೊಂಡು ಇದ್ದ ಒಬ್ಬ ಮುದಿ ಕರ್ನಲ್. ಆ ಹಳ್ಳಿಗಳ ಸೊಗಸೇ ಅದು. ಹೆಣ ಬಿದ್ದರೂ ಯಾರೂ ಅಳುವುದಿಲ್ಲ. ಟೀ ಕುಡಿಯುತ್ತಾರೆ, ಪಕ್ಕದ ಮನೆಯವರ ಮೇಲೆ ಅನುಮಾನ ಪಡುತ್ತಾರೆ. ಕೊನೆಗೆ ಎಲ್ಲಕ್ಕೂ ಒಂದು ಕಾರಣ ಸಿಗುತ್ತದೆ.

ನಾಲ್ಕು ದಿನ ಅಕ್ಕ ಹುರುಪಿನಿಂದ ಕೇಳಿದಳು.

“ಹೆಣ ಒಳಗಿಟ್ಕೊಂಡು ಒಲೆ ಹಚ್ಚಿದ್ಲಾ ಆ ಅಡುಗೆಯವಳು? ಅವಳೇ ಕಣೋ ಕೊಂದಿದ್ದು!”

“ಸುಮ್ನಿರು ಮಾರಾಯ್ತಿ, ಅಲ್ಲಿ ಎಲ್ಲರೂ ಹಚ್ತಾರೆ.”

“ಹಂಗಾದ್ರೆ ಊರಿಗೂರೇ ಕೊಲೆಗಾರ್ರು ಬಿಡು.”

ಐದನೆಯ ದಿನ, ಇನ್ನೇನು ಕೊಂದವನ ಹೆಸರು ಹೇಳಬೇಕು, ಅವಳ ಗಲ್ಲ ನಡುಗಿತು.

“ಉಜ್ಜನಪ್ಪ, ಸತ್ತ ಆ ಕರ್ನಲ್‌ಗೆ ಅಳೋರು ಒಬ್ರೂ ಇಲ್ವೇನೋ?”

ತಟ್ಟನೆ ಅವಳ ಕೈ ಹಿಡಿದುಕೊಂಡೆ. “ಅಕ್ಕ, ನೀನು ಅಳಬೇಡ. ನಿನ್ನ ಬದ್ಲು ನಾನು ಅಳ್ತೀನಿ.”

“ನಿಂಗೆ ಬರುತ್ತಾ?”

“ಈ ಜಿಲ್ಲೇಲಿ ನನ್ನಷ್ಟು ಚೆನ್ನಾಗಿ...”

“ಕೊಚ್ಕೊಬೇಡ, ಅಳು.”

ಚಾಪೆಯ ಮೇಲೆ ಕೂತು ಶುರುಮಾಡಿದೆ. “ಅಯ್ಯೋ ಕರ್ನಲಪ್ಪಾ, ನಿನ್ನ ಗುಲಾಬಿಗೆ ನೀರು ಹಾಕೋರ್ಯಾರಪ್ಪಾ...”

“ಗಂಟಲಿಂದ ಬೇಡ, ಎದೆಯಿಂದ ಬರ್ಲಿ. ನಾಯಿ ಇತ್ತಲ್ಲ, ಅದನ್ನೂ ಸೇರಿಸು.”

“ನಿನ್ನ ನಾಯಿ ಬಾಗಿಲು ಕಾಯ್ತಾ ಕೂತೈತಲ್ಲಪ್ಪಾ...”

ಯಾಕೋ, ನಾಯಿಯ ಮಾತಿಗೆ ನಿಜವಾದ ಅಳುವೇ ಬಂತು. ಅಕ್ಕನ ಕಣ್ಣು ಹೋದರೆ ಎಂದು ಐದು ದಿನದಿಂದ ನುಂಗಿಕೊಂಡದ್ದೆಲ್ಲ ಆ ಪರದೇಶದ ಮುದುಕನ ಹೆಸರಿನಲ್ಲಿ ಹರಿಯಿತು. ಊರಂಚಿನ ರಾಗಿಗುಡ್ಡದವರೆಗೂ ಕೇಳಿಸಿತಂತೆ. ಪಕ್ಕದ ಮನೆಯ ವೇದಾವತಿ, ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ ಎಂದು ಫ್ಲಾಸ್ಕಿನಲ್ಲಿ ಕಾಫಿ ಹಿಡಿದೇ ಓಡಿಬಂದಳು. “ಯಾರು ಹೋದ್ರು?”

“ಇಂಗ್ಲೆಂಡಿನವ್ರು ಕಣಮ್ಮ,” ಎಂದಳು ಅಕ್ಕ. ತಡಕಾಡಿ ನನ್ನ ತಲೆ ಹುಡುಕಿ ಸವರಿದಳು. “ಸಾಕು ಬಿಡೋ. ಕಾಫಿ ಕುಡಿ. ಈಗ ಹೇಳು, ಕೊಂದೋನು ಯಾರು?”

ಪಟ್ಟಿ ಬಿಚ್ಚಿದಾಗ ಅಕ್ಕ ಮೊದಲು ನೋಡಿದ್ದು ನನ್ನನ್ನೇ. “ಅಯ್ಯೋ, ನಿನ್ನ ತಲೆ ಯಾವಾಗ ಇಷ್ಟು ನರೀತೋ?” ಎಂದಳು.

ಅಳಲಿಲ್ಲ. ಅಳುವವನು ಪಕ್ಕದಲ್ಲೇ ಇದ್ದನಲ್ಲ.