ಎಡದಿಂದ ಮೂರನೆಯವಳು

ನೆಲಮಾಳಿಗೆಯ ಆ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಯ ಮೇಲ್ತುದಿಯಲ್ಲಿ ಒಂದು ಗಾಳಿಗಂಡಿ ಇತ್ತು. ಅದರಲ್ಲಿ ಬೀದಿಯಲ್ಲಿ ಓಡಾಡುವವರ ಕಾಲು ಮಾತ್ರ ಕಾಣುತ್ತಿತ್ತು. ಅಲ್ಲಿ ಕೂತು ಅವಳು ಮೂರು ವರ್ಷದಿಂದ ಹಳೆಯ ಫೋಟೋಗಳ ಮುಖ ನೋಡುತ್ತಿದ್ದಳು. ಪೆಟ್ಟಿಗೆಯಿಂದ ಒಂದೊಂದೇ ತೆಗೆಯಬೇಕು. ಮೆತ್ತನೆಯ ಕುಂಚದಿಂದ ಧೂಳು ಒರೆಸಬೇಕು. ಸ್ಕ್ಯಾನ್ ಮಾಡಿ, ಯಾರು, ಎಲ್ಲಿ, ಯಾವಾಗ ಎಂದು ಕಂಪ್ಯೂಟರಿನಲ್ಲಿ ತುಂಬಬೇಕು. ಧೂಳು ಮೂಗಿಗೆ ಹೋಗಿ ಕೆಮ್ಮು ಹತ್ತಿತ್ತು. ಕೈಗವಸು ವರ್ಷಕ್ಕೆ ಎರಡೇ ಜೊತೆ. ತೂತು ಬಿದ್ದರೆ ಮನೆಯಲ್ಲಿ ಹೊಲಿದುಕೊಂಡು ಬರುತ್ತಿದ್ದಳು.

ದಾಖಲೆಗಳ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಫೋಟೋದವಳು ಎನ್ನುತ್ತಿದ್ದರು. ಇತಿಹಾಸದಲ್ಲಿ ಎಂ.ಎ. ಆಗಿತ್ತು. ಹಳೆಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವ ವಿದ್ಯೆಯಲ್ಲಿ ಮೇಲೊಂದು ಡಿಪ್ಲೊಮಾ. ಕೆಲಸ ಮಾತ್ರ ಹನ್ನೊಂದು ತಿಂಗಳ ಗುತ್ತಿಗೆಯದು. ಹನ್ನೆರಡನೆಯ ತಿಂಗಳು ಮನೆಯಲ್ಲಿ ಕೂರಿಸಿ ಮತ್ತೆ ಕರೆಯುತ್ತಿದ್ದರು. ಪೂರ್ತಿ ವರ್ಷ ದುಡಿಸಿದರೆ ಖಾಯಂ ಮಾಡಿ ಎಂದು ಕೇಳಿಯಾಳೆಂಬ ಭಯ.

ಪಕ್ಕದ ಮನೆಯಲ್ಲೇ ಇದ್ದ ಚಿಕ್ಕಮ್ಮ ಅವಳನ್ನು ಕಂಡಾಗಲೆಲ್ಲ ಕೆಣಕುತ್ತಿದ್ದಳು. "ಸತ್ತೋರ ಫೋಟೋಗೆ ಹೆಸರು ಬರೆಯೋಕೆ ಇಷ್ಟು ಓದ್ಬೇಕಿತ್ತೇನೇ? ಅಷ್ಟೊತ್ತಿಗೆ ಬದುಕಿರೋನೊಬ್ಬನ್ನ ಹುಡುಕ್ಕೊಂಡಿದ್ರೆ ಮನೆಯಾದ್ರೂ ತುಂಬ್ತಿತ್ತು."

"ಬದುಕಿರೋರು ಇಷ್ಟು ಸುಮ್ಮನೆ ಕೂರೋದಿಲ್ಲ ಚಿಕ್ಕಮ್ಮ," ಎಂದು ಅವಳು ನಗುತ್ತಿದ್ದಳು.

ಒಂದು ಬುಧವಾರ ಬೆಂಕಿಪೊಟ್ಟಣದ ಕಾರ್ಖಾನೆಯ ಪೆಟ್ಟಿಗೆಯಿಂದ ಒಂದು ಫೋಟೋ ಹೊರಗೆ ಬಂತು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮಾಲೀಕರ ಮನೆಯವರು ತಮ್ಮ ಹಳೆಯ ಕಾಗದಗಳನ್ನೂ, ಅವನ್ನು ಏರಿಸಲು ಕಂಪ್ಯೂಟರುಗಳನ್ನೂ ಕಚೇರಿಗೆ ದಾನ ಕೊಟ್ಟಿದ್ದರು. ಬಾಗಿಲ ಮೇಲೆ ಅವರ ಹೆಸರು ಹಿತ್ತಾಳೆಯ ಅಕ್ಷರದಲ್ಲಿ ಹೊಳೆಯುತ್ತಿತ್ತು.

ಫೋಟೋದ ನಡುವೆ ಮೂರು ಕುರ್ಚಿ. ಒಂದರಲ್ಲಿ ಮಾಲೀಕ, ಒಂದರಲ್ಲಿ ಅವನ ಹೆಂಡತಿ, ಇಬ್ಬರ ನಡುವಿನ ಕುರ್ಚಿಯಲ್ಲಿ ಒಂದು ನಾಯಿ. ಹಿಂದೆ ಮೂರು ಸಾಲಿನಲ್ಲಿ ಪ್ಯಾಕಿಂಗ್ ಶೆಡ್ಡಿನ ಮೂವತ್ತೊಂದು ಹೆಂಗಸರು. ಹೆಂಗಸರು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದರು. ನಾಯಿಗೆ ಮಾತ್ರ ಕೊಡೆ ಹಿಡಿದಿದ್ದರು. ಬೆನ್ನಿಗೆ ಶಾಯಿಯಲ್ಲಿ, ಮಾಲೀಕನ ಹೆಂಡತಿಯ ಮುದ್ದಾದ ಅಕ್ಷರದಲ್ಲಿ, ‘ನಮ್ಮ ಟೈಗರ್‌ನ ಐದನೆಯ ಹುಟ್ಟುಹಬ್ಬ’ ಎಂದು ಬರೆದು ತಾರೀಖು ಹಾಕಿತ್ತು.

ತಾರೀಖು ನೋಡಿ ಅವಳ ಕೈ ನಿಂತಿತು. ಅದಕ್ಕೆ ನಾಲ್ಕು ದಿನ ಕೂಡಿಸಿದರೆ ಬರುವ ದಿನ ಅವಳ ಮನೆಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಆ ದಿನವೇ ಶೆಡ್ಡಿಗೆ ಬೆಂಕಿ ಬಿದ್ದದ್ದು. ಹೊರಗಿನಿಂದ ಚಿಲಕ ಹಾಕಿತ್ತು. ಒಳಗೆ ಇಪ್ಪತ್ಮೂರು ಜನ ಸುಟ್ಟುಹೋದರು. ಕಂಪನಿ ಒಪ್ಪಿಕೊಂಡದ್ದು ಒಂಬತ್ತು ಜನರನ್ನು. ಉಳಿದ ಹದಿನಾಲ್ಕು ಜನ ತಿಂಗಳ ಹಿಂದೆಯೇ ಕೆಲಸ ಬಿಟ್ಟವರೆಂದು ಕಾಗದ ತೋರಿಸಿತು. ಆ ಹದಿನಾಲ್ಕರಲ್ಲಿ ಅವಳ ಅಮ್ಮನೂ ಒಬ್ಬಳು. ಆಗ ಅವಳಿಗೆ ಮೂರು ವರ್ಷ. ಮನೆಯಲ್ಲಿ ಅಮ್ಮನ ಒಂದು ಫೋಟೋ ಕೂಡ ಇರಲಿಲ್ಲ. ಮೂವತ್ತೊಂದು ಮುಖಗಳಲ್ಲಿ ತನ್ನನ್ನು ಹೆತ್ತ ಮುಖ ಯಾವುದೆಂದು ಅವಳಿಗೆ ತಿಳಿಯಲಿಲ್ಲ.

ಒಂದು ಪ್ರತಿ ತೆಗೆದುಕೊಂಡು ಮನೆಗೆ ಬಂದಳು. ಅಪ್ಪ ಅದೇ ಕಾರ್ಖಾನೆಯ ಅಂಗಳದಲ್ಲಿ ಮೂಟೆ ಹೊತ್ತವನು. ಬೆಳಗ್ಗೆ ಸಂಜೆ ದೇವರ ಮುಂದೆ ಕೂತು ಹೆಂಡತಿಯ ಆತ್ಮಕ್ಕೆ ಶಾಂತಿ ಬೇಡುವುದನ್ನು ಒಂದು ದಿನವೂ ತಪ್ಪಿಸಿದವನಲ್ಲ. ಅವನು ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಬರೆದುಕೋ," ಎಂದ.

ಹಿಂದಿನ ಸಾಲಿನ ಎಡ ತುದಿಯಿಂದ ಶುರು ಮಾಡಿದ. "ಇವಳು ಎಡಗೈ ಅಕ್ಕ. ಎಡಗೈಯಲ್ಲಿ ಕಡ್ಡಿ ತುಂಬಿದರೆ ಬಲಗೈಯವರು ಇಬ್ಬರು ಸಾಟಿಯಾಗ್ತಿರಲಿಲ್ಲ. ನಿಜವಾದ ಹೆಸರೂ ಹೇಳ್ತೀನಿ. ಇವಳು ಉದ್ದಜಡೆ. ಜಡೆ ಯಂತ್ರಕ್ಕೆ ಸಿಕ್ಕೀತು ಅಂತ ಮೇಸ್ತ್ರಿ ಬೈದರೆ, ಯಂತ್ರಕ್ಕೇ ಜಡೆ ಹಾಕ್ತೀನಿ ಅನ್ನೋಳು." ಒಬ್ಬೊಬ್ಬರ ಹೆಸರು, ಗಂಡನ ಹೆಸರು, ಇದ್ದ ಬೀದಿ ಎಲ್ಲ ಹೇಳಿದ. ನಡುವಿನ ಸಾಲಿಗೆ ಬಂದ. ಮೊದಲನೆಯವಳು, ಎರಡನೆಯವಳು. ಮೂರನೆಯವಳ ಮೇಲೆ ಬೆರಳಿಟ್ಟು, "ಇದು ನಿಮ್ಮಮ್ಮ," ಎಂದ. ಅದೇ ದನಿಯಲ್ಲಿ ನಾಲ್ಕನೆಯವಳಿಗೆ ಹೋದ. ಹೆಂಡತಿಯ ಹೆಸರನ್ನು ಅವನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ಬದುಕಿದ್ದಾಗ ‘ಇವಳೇ’, ಸತ್ತ ಮೇಲೆ ‘ಅವಳು’.

ಮುಂದಿನ ಸಾಲಿನಲ್ಲಿ ಹಲ್ಲು ಬಿಟ್ಟು ನಿಂತಿದ್ದ ಹುಡುಗಿಯನ್ನು ಹೆಸರಿಸಬೇಕಾಗಿರಲಿಲ್ಲ. ಅದು ಚಿಕ್ಕಮ್ಮ. ಬೆಂಕಿ ಬಿದ್ದ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಹಾಗಾಗಿ ಉಳಿದಳು.

ಮರುದಿನ ಫೋಟೋದವಳು ಮೂವತ್ತೊಂದು ಹೆಸರನ್ನೂ ಎಡದಿಂದ ಬಲಕ್ಕೆ ತುಂಬಿದಳು. ಅಮ್ಮನ ಹೆಸರು ಟೈಪ್ ಮಾಡುವಾಗ ಎರಡು ಸಲ ತಪ್ಪಾಯಿತು. ‘ಆಧಾರ’ ಎಂಬ ಜಾಗದಲ್ಲಿ ‘ಕಾರ್ಖಾನೆಯ ಹಮಾಲರೊಬ್ಬರ ನೆನಪು’ ಎಂದು ಬರೆದಳು.

ಮೂರನೆಯ ದಿನ ನಿರ್ದೇಶಕರು ಕರೆಸಿದರು. ಮೆತ್ತನೆಯ ಮಾತಿನ ಮನುಷ್ಯ. ಯಾರ ಮೇಲೂ ದನಿ ಏರಿಸಿದವರಲ್ಲ.

"ಕೂತ್ಕೋಮ್ಮ. ಕೆಲಸ ಚೆನ್ನಾಗಿದೆ. ಆದರೆ ನೆನಪು ಆಧಾರ ಆಗೋದಿಲ್ಲ. ಬರವಣಿಗೆಯಲ್ಲಿ ಇರಬೇಕು. ಆ ಹೆಸರುಗಳನ್ನ ಅಳಿಸಿಬಿಡು."

"ನಾಯಿ ಹೆಸರು ಉಳಿಸಿದೀರಲ್ಲ ಸರ್."

"ಅದು ಹಿಂದೆ ಬರೆದಿದೆ. ಲಿಖಿತ ಆಧಾರ."

"ನಮ್ಮಪ್ಪ ಆ ಹೆಂಗಸರ ಜೊತೆ ಹನ್ನೆರಡು ವರ್ಷ ದುಡಿದವರು."

"ಇಲ್ಲ ಅಂದವರು ಯಾರಮ್ಮ?" ನಿರ್ದೇಶಕರು ಕಡತ ಸರಿಸಿದರು. "ಆದರೆ ಇದರಲ್ಲಿ ಹದಿನಾಲ್ಕು ಜನ ಆ ತಾರೀಖಿಗೆ ಕೆಲಸದಲ್ಲೇ ಇರಲಿಲ್ಲ ಅಂತ ಕಂಪನಿ ಕಾಗದ ಹೇಳುತ್ತೆ. ನಾವು ಇದ್ದರು ಅಂತ ಹಾಕಿದರೆ ಏನಾಗುತ್ತೆ? ದಾನಿಗಳು ಇದೇ ತಿಂಗಳು ಬರ್ತಾರೆ. ಇನ್ನೊಂದು ವಿಷಯ. ಒಂದು ಖಾಯಂ ಹುದ್ದೆಗೆ ನಿನ್ನ ಹೆಸರೇ ಕಳಿಸಿದೀನಿ. ವಾರದಲ್ಲಿ ಆದೇಶ ಬರಬೇಕು. ಸಣ್ಣದೊಂದು ಫೋಟೋಗೋಸ್ಕರ ಯಾಕೆ ಕೆಡಿಸ್ಕೋತೀಯ?"

ಅವಳು ಕೆಳಗಿಳಿದು ಬಂದಳು. ಗಾಳಿಗಂಡಿಯಲ್ಲಿ ಯಾರದೋ ಕಾಲುಗಳು ಹಾದುಹೋದವು. ಖಾಯಂ ಆದರೆ ಅಪ್ಪನ ಕಣ್ಣಿನ ಆಪರೇಷನ್ ಆಗುತ್ತದೆ. ಹನ್ನೆರಡನೆಯ ತಿಂಗಳು ಚಿಕ್ಕಮ್ಮನ ಮನೆಯ ಅಕ್ಕಿಗೆ ಕೈಚಾಚುವುದು ತಪ್ಪುತ್ತದೆ. ಅವಳು ಒಂದೊಂದೇ ಹೆಸರು ಅಳಿಸಿದಳು. ಮೂವತ್ತು ಅಳಿಸಿದ ಮೇಲೆ ಒಂದು ಉಳಿಯಿತು. ನಡುವಿನ ಸಾಲು, ಎಡದಿಂದ ಮೂರನೆಯವಳು. ಅದನ್ನೂ ಅಳಿಸಿದಳು.

ಉದ್ಘಾಟನೆಯ ದಿನ ಸಭಾಂಗಣ ತುಂಬಿತ್ತು. ಊರಿನ ಇತಿಹಾಸವೆಲ್ಲ ಇನ್ನು ಮೊಬೈಲಿನಲ್ಲೇ ಸಿಗುತ್ತದೆ ಎಂದು ಭಾಷಣವಾಯಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. ಚಿಕ್ಕಮ್ಮನೂ ಜೊತೆಗಿದ್ದಳು. ಹೆಸರುಗಳು ತೆರೆಯ ಮೇಲೆ ಬರುತ್ತವೆಂದು ಇಬ್ಬರೂ ನಂಬಿದ್ದರು. ಬರಬೇಡಿ ಎನ್ನಲು ಅವಳಿಗೆ ಬಾಯಿ ಬಂದಿರಲಿಲ್ಲ.

ಬೆಂಕಿಪೊಟ್ಟಣದ ಕಾರ್ಖಾನೆಯ ಫೋಟೋ ಗೋಡೆಯಷ್ಟು ದೊಡ್ಡದಾಗಿ ಬಂತು. ಕೆಳಗೆ ಅಕ್ಷರಗಳು ಬಂದವು. ‘ಮಾಲೀಕ ದಂಪತಿಗಳು, ಅವರ ಪ್ರೀತಿಯ ಟೈಗರ್, ಹಾಗೂ ಗುರುತು ಸಿಗದ ಕೆಲಸಗಾರರು. ವಿವರಣೆ: ನಿರ್ದೇಶಕರು.’

ಮುಂದಿನ ಸಾಲಿನಲ್ಲಿದ್ದ ಮಾಲೀಕರ ಮೊಮ್ಮಗಳು ನಾಯಿಯನ್ನು ನೋಡಿ, "ಎಷ್ಟು ಮುದ್ದಾಗಿದೆ," ಎಂದಳು. ಜನ ನಕ್ಕರು.

ಚಿಕ್ಕಮ್ಮ ಕೂತಲ್ಲಿಂದಲೇ ಪಕ್ಕದವರಿಗೆ ಕೇಳುವಂತೆ ಹೇಳಿದಳು. "ಸತ್ತ ನಾಯಿಗೆ ಗುರುತಿದೆ. ನಾನು ಇಲ್ಲಿ ಜೀವಂತ ಕೂತಿದೀನಿ, ನನ್ನ ಗುರುತು ಸಿಗಲಿಲ್ವಂತೆ." ಪಕ್ಕದವರು ಮುಖ ತಿರುಗಿಸಿದರು.

ದಾರಿಯಲ್ಲಿ ಅಪ್ಪ ಕೇಳಿದ. "ಬರೆದಿದೀನಿ ಅಂದಿದ್ಯಲ್ಲಮ್ಮ?"

"ಬರೆದಿದ್ದೆ."

"ಮತ್ತೆ ಯಾರು ಅಳಿಸಿದರು?"

"ನಾನೇ ಅಪ್ಪ. ಕೆಲಸ ಖಾಯಂ ಮಾಡ್ತೀನಿ ಅಂದ್ರು."

ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸ್ವಲ್ಪ ದೂರ ನಡೆದು ನಿಂತ. "ದೇವರ ಪುಸ್ತಕದಲ್ಲಿ ಅವಳ ಹೆಸರಿದೆ. ಅದರಲ್ಲಿ ನನಗೆ ಸಂಶಯ ಇಲ್ಲ. ಮನುಷ್ಯರ ಪುಸ್ತಕದಲ್ಲಿ ಒಂದು ಸಾಲು ಜಾಗ ಇರಲಿಲ್ವಾ ಅಂತ ಕೇಳ್ತಿದೀನಿ ಅಷ್ಟೆ," ಎಂದ. ಆ ದಿನ ಅವನು ಊಟಕ್ಕೆ ಕೂತು ಒಂದು ತುತ್ತೂ ಮುಟ್ಟದೆ ಕೈ ತೊಳೆದುಕೊಂಡು ಎದ್ದ.

ವಾರ ಕಳೆಯಿತು. ನಿರ್ದೇಶಕರು ಮತ್ತೆ ಕರೆಸಿದರು. "ಹುದ್ದೆ ಮಂಜೂರಾಗಲಿಲ್ಲಮ್ಮ. ನನಗೂ ಬೇಜಾರಾಯ್ತು. ಯೋಜನೆ ಈ ತಿಂಗಳಿಗೆ ಮುಗೀತು. ನಿನ್ನ ಸೇವೆ ನಾವು ಮರೆಯೋದಿಲ್ಲ."

"ಎಲ್ಲಿ ಬರೆದಿಟ್ಟಿದೀರಿ ಸರ್?"

ನಿರ್ದೇಶಕರಿಗೆ ಅರ್ಥವಾಗಲಿಲ್ಲ.

"ನೆನಪು ಆಧಾರ ಅಲ್ಲ ಅಂದ್ರಲ್ಲ. ಅದಕ್ಕೆ ಕೇಳಿದೆ." ಅವಳು ಎದ್ದು ಬಂದಳು.

ಕಚೇರಿಯ ಮುಂಬಾಗಿಲಲ್ಲಿ ಆವಕದ ಕೌಂಟರ್ ಇತ್ತು. ಹೊರಗಿನಿಂದ ಬರುವ ಕಾಗದಗಳನ್ನೆಲ್ಲ ಅಲ್ಲಿ ತೆಗೆದುಕೊಳ್ಳುತ್ತಿದ್ದರು. ಅದರ ಮೇಲೆ ಒಂದು ಹಳೆಯ ಹಲಗೆ. ‘ದಾಖಲೆಯೆಂದು ಯಾರೇ ತಂದುಕೊಟ್ಟ ಪ್ರತಿಯೊಂದು ಕಾಗದಕ್ಕೂ ಕ್ರಮಸಂಖ್ಯೆ ಕೊಡತಕ್ಕದ್ದು. ಕೊಟ್ಟ ಕ್ರಮಸಂಖ್ಯೆಯನ್ನು ಯಾವ ಕಾರಣಕ್ಕೂ ರದ್ದು ಮಾಡತಕ್ಕದ್ದಲ್ಲ.’ ಮೂರು ವರ್ಷ ಅವಳು ದಿನಾ ಅದರ ಕೆಳಗೇ ಹಾದುಹೋಗಿದ್ದಳು. ಅಂದು ನಿಂತು ಓದಿದಳು. ಎರಡು ಸಲ ಓದಿದಳು.

ಮನೆಗೆ ಬಂದು ಹೇಳಿದಳು. "ಅವರಿಗೆ ಬೇಕಾದ್ದು ಕಾಗದ ತಾನೇ ಅಪ್ಪ? ಕೊಡೋಣ."

ಅಪ್ಪನೂ ಚಿಕ್ಕಮ್ಮನೂ ಹತ್ತು ದಿನ ಬೀದಿ ಬೀದಿ ಅಲೆದರು. ಎಡಗೈ ಅಕ್ಕನ ತಮ್ಮ ಸಿಕ್ಕಿದ. ಬಸ್ ನಿಲ್ದಾಣದಲ್ಲಿ ಹೂ ಮಾರುತ್ತಿದ್ದ ಉದ್ದಜಡೆಯ ಮಗಳು ಸಿಕ್ಕಿದಳು. ಒಬ್ಬಳು ಮುದುಕಿ ಮೊದಲು ಬಾಗಿಲನ್ನೇ ತೆರೆಯಲಿಲ್ಲ. "ಆಗಲೂ ಸಹಿ ಹಾಕಿಸ್ಕೊಂಡ್ರು. ಮಗಳು ಕೆಲಸ ಬಿಟ್ಟಿದ್ಲು ಅಂತ ಬರೆದಿತ್ತಂತೆ, ನನಗೆ ಓದೋಕೆ ಬರ್ತಿರಲಿಲ್ಲ," ಎಂದು ಒಳಗಿನಿಂದಲೇ ಕೂಗಿದಳು. ಚಿಕ್ಕಮ್ಮ ಹೊಸ್ತಿಲ ಮೇಲೆ ಕೂತು, "ಈ ಸಲ ನೀನೇ ಹೇಳು ದೊಡ್ಡಮ್ಮ, ನಾವು ಬರೀತೀವಿ. ಮೂರು ಸಲ ಓದಿ ಹೇಳ್ತೀವಿ. ಆಮೇಲೆ ಸಹಿ," ಎಂದಳು. ಚಿಲಕ ಸರಿಯಿತು.

ಫೋಟೋದವಳ ಕೊನೆಯ ದಿನ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಕೌಂಟರಿನ ಮುಂದೆ ಇಪ್ಪತ್ತಾರು ಜನ ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದೇ ಕಾಗದ, ಫೋಟೋದಲ್ಲಿ ತಮ್ಮವಳು ಯಾರೆಂದು ಬರೆದು ಸಹಿ ಹಾಕಿದ್ದು. ಮುಂದೆ ಚಿಕ್ಕಮ್ಮ.

ಆವಕದ ಗುಮಾಸ್ತರಿಗೆ ನಿವೃತ್ತಿಗೆ ಆರು ತಿಂಗಳಿತ್ತು. ಕನ್ನಡಕದ ಮೇಲಿನಿಂದ ನೋಡಿದರು. "ಏನಮ್ಮ ಇದು?"

"ದಾಖಲೆ."

"ಯಾರದು?"

"ನನ್ನದೇ. ಹಿಂದಿನ ಸಾಲಿನಿಂದ ಎಣಿಸಿದ್ರೆ ಮೂರನೇ ಸಾಲು, ಸರಿಯಾಗಿ ನಡುವೆ. ನಾಯಿ ಹಿಂದೆ ಹಲ್ಲು ಬಿಟ್ಕೊಂಡು ನಿಂತಿರೋಳು ನಾನು. ಬೇಕಿದ್ರೆ ಈಗಲೂ ಬಿಡ್ತೀನಿ, ನೋಡ್ಕೊಳ್ಳಿ. ನಾಲ್ಕು ಕಮ್ಮಿಯಾಗಿದೆ ಅಷ್ಟೆ."

ಸಾಲಿನಲ್ಲಿ ನಗು ಹರಿಯಿತು. ಗುಮಾಸ್ತರು ಕಾಗದ ಓದಿದರು. ತಲೆ ಎತ್ತಿ ಹಲಗೆ ನೋಡಿದರು. ಮೊಹರು ಒತ್ತಿ ಕ್ರಮಸಂಖ್ಯೆ ಬರೆದರು. ಮುಂದಿನವರು ಬಂದರು.

ಹನ್ನೊಂದನೆಯ ಕಾಗದಕ್ಕೆ ನಿರ್ದೇಶಕರು ಇಳಿದು ಬಂದರು. "ಇದೇನ್ರೀ ಸಂತೆ? ನಿಲ್ಲಿಸಿ."

"ನಿಯಮ ಇದೆ ಸರ್," ಗುಮಾಸ್ತರು ಹಲಗೆ ತೋರಿಸಿದರು. "ಕೆಳಗಿರೋ ಸಹಿ ತಮ್ಮದೇ."

"ಇವನ್ನ ಯಾರೂ ಕಂಪ್ಯೂಟರಿಗೆ ಏರಿಸೋದಿಲ್ಲ. ಇತರೆ ಅಂತ ಒಂದು ಪೆಟ್ಟಿಗೆಗೆ ಹೋಗ್ತವೆ. ಅಷ್ಟೆ," ಎಂದರು ನಿರ್ದೇಶಕರು. ಮೊದಲ ಸಲ ಅವರ ದನಿ ಏರಿತ್ತು.

"ಹೋಗಲಿ ಬಿಡಿ ಸ್ವಾಮಿ," ಎಂದ ಸಾಲಿನ ಕೊನೆಯಲ್ಲಿದ್ದ ಅಪ್ಪ. "ಪೆಟ್ಟಿಗೆ ಇದ್ರೆ ಒಂದಿನ ಯಾರಾದ್ರೂ ತೆಗೀತಾರೆ. ನಮ್ಮ ಹುಡುಗಿ ತೆಗೀಲಿಲ್ವಾ?"

ನಿರ್ದೇಶಕರು ಸಾಲಿನತ್ತ ನೋಡಿದರು. ಇಪ್ಪತ್ತಾರು ಜನ ಅವರನ್ನೇ ನೋಡುತ್ತಿದ್ದರು. ಅವರು ಮೇಲೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಫೋಟೋದವಳಿಗೆ ಚೀಟಿ ಬಂತು. ಮಧ್ಯಾಹ್ನದವರೆಗೂ ಇರಬೇಕಾಗಿಲ್ಲ, ಬೀಗದ ಕೈ ಒಪ್ಪಿಸಿ ಈಗಲೇ ಹೋಗಬಹುದು.

ಅಪ್ಪನ ಸರದಿ ಬಂತು. ಅವನ ಕಾಗದದಲ್ಲಿ ಎಲ್ಲ ಬರೆದಿತ್ತು. ಹೆಸರಿನ ಜಾಗ ಮಾತ್ರ ಖಾಲಿ.

"ಹೆಸರು ಬಿಟ್ಟಿದೀರಲ್ಲ ಯಜಮಾನರೇ," ಎಂದರು ಗುಮಾಸ್ತರು.

"ಅದೊಂದು ನಾನೇ ಹೇಳ್ಬೇಕು ಅಂತ ಬಿಟ್ಟೆ. ಬರೆದುಕೊಳ್ಳಿ."

ಅಪ್ಪ ಕೌಂಟರಿನ ಅಂಚು ಹಿಡಿದುಕೊಂಡ. ಅವಳು ಸತ್ತ ಮೂವತ್ತಮೂರು ವರ್ಷದ ಮೇಲೆ, ಇಪ್ಪತ್ತೈದು ಜನರ ಮುಂದೆ, ಮೊದಲ ಸಲ ಹೆಂಡತಿಯ ಹೆಸರು ಹೇಳಿದ. ಗಟ್ಟಿಯಾಗಿ ಹೇಳಿದ. ಗುಮಾಸ್ತರು ಬರೆದು ಮೊಹರು ಒತ್ತಿದರು.

"ಮುಗೀತಾ?" ಎಂದು ಅವರು ಪೆನ್ನಿಗೆ ಮುಚ್ಚಳ ಹಾಕಲು ಹೋದರು.

"ಇಲ್ಲ," ಎಂದಿತು ಒಂದು ದನಿ.

ಫೋಟೋದವಳು ಬೀಗದ ಕೈ ಒಪ್ಪಿಸಿ, ನೌಕರರ ಬಾಗಿಲಿನಿಂದ ಹೊರಗೆ ಹೋಗಿ, ಕಟ್ಟಡ ಸುತ್ತಿ ಬಂದು ಅಪ್ಪನ ಹಿಂದೆ ನಿಂತಿದ್ದಳು. ಹೊಲಿಗೆ ಹಾಕಿದ ಕೈಗವಸು ಇನ್ನೂ ಕೈಯಲ್ಲೇ ಇತ್ತು. ತನ್ನ ಕಾಗದವನ್ನು ಮುಂದಿಟ್ಟಳು. ಗುಮಾಸ್ತರು ಓದಿದರು.

‘ಈ ಕಚೇರಿಯ ನಾಲ್ಕು ಸಾವಿರದ ಇನ್ನೂರ ಹದಿನೇಳು ಫೋಟೋಗಳ ವಿವರ ಬರೆದವಳು ನಾನು. ಕಾರ್ಖಾನೆಯ ಫೋಟೋದಿಂದ ಮೂವತ್ತೊಂದು ಹೆಸರು ಅಳಿಸಿದವಳೂ ನಾನೇ. ಅಳಿಸಲು ಹೇಳಿದವರು ನಿರ್ದೇಶಕರು.’

ಗುಮಾಸ್ತರು ಮೇಲಿನ ಮಹಡಿಯ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಮೊಹರನ್ನು ಶಾಯಿಗೆ ಒತ್ತಿದರು.