ಕುದುರೆ ಇಡ್ರಿಸನ ಮಣ್ಣು

ನಮ್ಮ ಕಣಿವೆಯಲ್ಲಿ ಹೆಸರುಗಳಿಗೆ ಬರ, ಜನರಿಗೆ ಬರವಿಲ್ಲ. ಬೀದಿಯಲ್ಲಿ ನಿಂತು "ಇವಾನ್ಸ್" ಎಂದು ಕೂಗಿದರೆ ಆರು ಕಿಟಕಿ ತೆರೆಯುತ್ತವೆ. ಅದಕ್ಕೇ ಎಲ್ಲರಿಗೂ ಅಡ್ಡಹೆಸರು. ಬ್ರೆಡ್ಡು ಮಾರುತ್ತಿದ್ದವನು ಬ್ರೆಡ್ ಟಾಮಸ್. ಹೇಳಿದ್ದನ್ನೇ ಎರಡೆರಡು ಸಲ ಹೇಳುವವನು ಎರಡುಸಲ ಟಾಮಸ್. ಗಣಿಯೊಳಗೆ ಕಲ್ಲಿದ್ದಲ ಗಾಡಿ ಎಳೆಯುವ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ನನ್ನಪ್ಪ ಕುದುರೆ ಇಡ್ರಿಸ್. ಇದು ನಮ್ಮೂರು ಕ್ವಮ್ ಹೆಲಿಗ್‌ನ ಹಸುಗೂಸಿಗೂ ಗೊತ್ತು. ಕೌನ್ಸಿಲ್ಲಿನ ಕಂಪ್ಯೂಟರಿಗೆ ಗೊತ್ತಿರಲಿಲ್ಲ.

ಆ ಕೌನ್ಸಿಲ್ಲಿನಲ್ಲಿ ನಾನು, ತೆಗ್ವೆನ್ ಇವಾನ್ಸ್, ಇಪ್ಪತ್ತೊಂಬತ್ತು ವರ್ಷ ಸವೆಸಿದ್ದೇನೆ. ಕೌನ್ಸಿಲ್ ಏನೇ ಯೋಜನೆ ಹಾಕಲಿ, ಅದರಿಂದ ಮುಂದಿನ ಐವತ್ತು ವರ್ಷ ನೆಲಕ್ಕೆ, ನೀರಿಗೆ, ಜನಕ್ಕೆ ಏನಾದೀತು ಎಂದು ಮೊದಲೇ ತೂಗಿ ಬರೆಯುವುದು ನನ್ನ ಕೆಲಸ. ಏಳು ಪ್ರಶ್ನೆ. ಒಂದೊಂದಕ್ಕೂ ಹಸಿರು, ಹಳದಿ, ಕೆಂಪು ಈ ಮೂರರಲ್ಲೊಂದು ಬಣ್ಣ. ಯಾರಿಗೂ ಬೇಕಾದ ಕೆಲಸವಲ್ಲ ಬಿಡಿ. ಮದುವೆಯ ದಿನ ಹುಡುಗನ ಹಲ್ಲು ಎಣಿಸಲು ಬಂದವಳನ್ನು ಯಾರು ತಾನೇ ಒಳಗೆ ಕರೆಯುತ್ತಾರೆ?

ಆ ವರ್ಷದ ಸುಧಾರಣಾ ಯೋಜನೆ ಅರವತ್ತನಾಲ್ಕು ಪುಟ. ಅದರ ಹದಿನೇಳನೆಯ ಅಂಶ ನಮ್ಮೂರಿನ ಗುಡ್ಡದ ತೋಟ. ಊರ ಜನ ತುಂಡು ತುಂಡಾಗಿ ಹಂಚಿಕೊಂಡು ತರಕಾರಿ ಬೆಳೆಯುವ ಜಾಗ ಅದು. ಅದನ್ನು ಸಮ ಮಾಡಿ, ವಿದ್ಯುತ್ ಕಾರು ಚಾರ್ಜ್ ಮಾಡುವ ನಿಲ್ದಾಣ ಕಟ್ಟುವುದಂತೆ. ಪಕ್ಕದಲ್ಲಿ ಬರೆದಿತ್ತು: ಬಳಕೆ ಕಡಿಮೆ, ಆಕ್ಷೇಪಣೆ ಒಂಬತ್ತು.

ನನ್ನ ಮೇಲಧಿಕಾರಿ ರೋಡ್ರಿಗೆ ಮೂವತ್ತನಾಲ್ಕು ವರ್ಷ. ಹುಡುಗ ಒಳ್ಳೆಯವನೇ, ಅವಸರ ಮಾತ್ರ ಜಾಸ್ತಿ.

"ತೆಗ್ವೆನ್, ಇದು ಸುಲಭದ್ದು. ವಿದ್ಯುತ್ ಕಾರು ಅಂದ್ರೆ ಹಸಿರೇ ಅಲ್ವಾ? ಬಣ್ಣ ಹಾಕಿ ಸೈನ್ ಮಾಡ್ಬಿಡಿ."

"ಒಂಬತ್ತೇ ಜನಾನಾ? ಆ ಗುಡ್ಡದೋರು ಬಸ್ಸು ಐದು ನಿಮಿಷ ತಡ ಆದ್ರೂ ನಲವತ್ತು ಕಾಗದ ಬರಿಯೋರು ಕಣಪ್ಪ."

"ನಲವತ್ತೊಂದು ಬಂದಿತ್ತು. ಒಂದೇ ಹೆಸರಲ್ಲಿ ಮತ್ತೆ ಮತ್ತೆ ಬಂದಿದ್ದನ್ನ ಕಂಪ್ಯೂಟರ್ ತೆಗೆದುಹಾಕಿದೆ. ಯಾರೋ ಟಾಮಸ್ ಇವಾನ್ಸ್ ಅಂತೆ, ಒಬ್ಬನೇ ಏಳು ಸಲ ಬರೆದಿದಾನೆ. ತಲೆ ಕೆಟ್ಟೋನಿರ್ಬೇಕು."

ನಗು ಬಂತು. ನಗು ಮುಗಿಯುವ ಮುಂಚೆ ಕೋಪ ಬಂತು. "ಏಳು ಸಲ ಅಲ್ಲಯ್ಯಾ, ಏಳು ಜನ!" ಎಂದು ಮೇಜು ಕುಟ್ಟಿದೆ.

ರೋಡ್ರಿ ತಪ್ಪೊಪ್ಪಿಕೊಂಡ, ಅದು ಅವನ ದೊಡ್ಡ ಗುಣ. "ಹಾಗಾದ್ರೆ ಏಳೂ ಜನ ಬೇರೆ ಬೇರೆ ಅಂತ ಸಾಬೀತು ಮಾಡಿ. ಆದ್ರೆ ಹುಷಾರು, ಒಂದೇ ಒಂದು ಸುಳ್ಳು ಸಹಿ ಸಿಕ್ಕಿದ್ರೂ ಮೇಲಿನೋರು ಇಡೀ ಕಟ್ಟನ್ನೇ ಬಿಸಾಕ್ತಾರೆ."

ಆ ಸಂಜೆ ನಲವತ್ತೊಂದು ಕಾಗದಗಳನ್ನೂ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತೆ. ಒಂದೊಂದು ಸಹಿಗೂ ಒಂದೊಂದು ಮುಖ ಎದ್ದು ಬಂತು. ಬ್ರೆಡ್ ಟಾಮಸ್ ಮುರಿದ ಕೇಕು ಕೊಡುತ್ತಿದ್ದ. ಎರಡುಸಲ ಟಾಮಸ್ ಕಾಗದದಲ್ಲೂ ಎಲ್ಲವನ್ನೂ ಎರಡೆರಡು ಸಲ ಬರೆದಿದ್ದ, ಪುಣ್ಯಾತ್ಮ. ನಗುತ್ತಾ, ಮೂಗು ಒರೆಸಿಕೊಳ್ಳುತ್ತಾ ಮೂವತ್ತೇಳನೆಯ ಕಾಗದಕ್ಕೆ ಬಂದೆ. "ಇಡ್ರಿಸ್ ಇವಾನ್ಸ್, ತುಂಡು ಇಪ್ಪತ್ತಮೂರು."

ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಶನಿವಾರ ಬಸ್ಸು ಹತ್ತಿದೆ. ಹನ್ನೆರಡು ಮೈಲಿ ದೂರದ ಊರಿಗೆ ನಾನು ಅಪ್ಪನನ್ನು ಮಣ್ಣು ಮಾಡಿದ ದಿನದಿಂದ ಕಾಲಿಟ್ಟಿರಲಿಲ್ಲ. ಕೆಲಸ, ಕೆಲಸ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಅಪ್ಪನಿಲ್ಲದ ಗುಡ್ಡವನ್ನು ನೋಡುವ ಧೈರ್ಯವಿರಲಿಲ್ಲ.

ಆ ಗುಡ್ಡದಲ್ಲಿ ದೇವರು ಮಣ್ಣು ಇಟ್ಟಿರಲಿಲ್ಲ, ಬರೀ ಕಲ್ಲುಚೂರು. ಅಲ್ಲಿರುವ ಮಣ್ಣೆಲ್ಲ ನಮ್ಮವರು ಹೊತ್ತು ಮಾಡಿದ್ದು. ಒಲೆಯ ಬೂದಿ, ತರಕಾರಿ ಸಿಪ್ಪೆ, ಹೊಳೆದಂಡೆಯ ಕೆಸರು. ಅಪ್ಪ ಗಣಿಯ ಕುದುರೆಗಳ ಲದ್ದಿಯನ್ನು ಮೂಟೆ ಕಟ್ಟಿ ಬಸ್ಸಿನಲ್ಲೇ ತರುತ್ತಿದ್ದ. "ಇಡ್ರಿಸ್, ನಿನ್ನ ಮೂಟೆಗೂ ಟಿಕೆಟ್ ತಗೋ!" ಎಂದು ಕಂಡಕ್ಟರ್ ರೇಗುತ್ತಿದ್ದ. ಅಪ್ಪ "ಅದು ಕುದುರೆ ಸವಾರಿ ಕಣಯ್ಯಾ, ಬಸ್ ಸವಾರಿ ಅಲ್ಲ" ಎನ್ನುತ್ತಿದ್ದ. ಇಡೀ ಬಸ್ಸು ಮೂಗು ಮುಚ್ಚಿಕೊಂಡೇ ನಗುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಸಣ್ಣ ಬಕೆಟ್ಟಿನಲ್ಲಿ ಬೂದಿ ಹೊರುತ್ತಿದ್ದೆ. ಆ ಕಪ್ಪು ಮಣ್ಣಿನಲ್ಲಿ ಈರುಳ್ಳಿಗೆ ಅಣ್ಣನಂಥ ಲೀಕ್ ಗಿಡಗಳು ನನ್ನ ತೋಳಿನಷ್ಟು ದಪ್ಪಕ್ಕೆ ಬೆಳೆಯುತ್ತಿದ್ದವು. ಅಮ್ಮ ಅದರ ಸೂಪು ಮಾಡಿದರೆ ಬೀದಿಯ ತುದಿಗೂ ವಾಸನೆ. ಈಗಲೂ ನೆನೆದರೆ ಬಾಯಲ್ಲಿ ನೀರು, ಕಣ್ಣಲ್ಲೂ ನೀರು.

ತೋಟದ ಗೇಟಿನಲ್ಲಿ ಗೆಥಿನ್ ಮಾಮ ನಿಂತಿದ್ದ. ಗಣಿಯಲ್ಲಿ ಅಪ್ಪನ ಜೊತೆಗಾರ, ಈಗ ಎಂಬತ್ತೆರಡು, ತೋಟದ ಸಮಿತಿಗೆ ಅವನೇ ಯಜಮಾನ.

"ಓಹೋ, ದಾರಿ ತಪ್ಪಿ ಬಂದ್ಯೇನೇ? ಕೌನ್ಸಿಲ್ಲೋರು ನಿಂಗೆ ಬಸ್ ನಂಬರ್ ಮರೆಸಿಬಿಟ್ಟಿದ್ರಾ?"

"ಬೈಯೋದು ಆಮೇಲೆ ಬೈ, ಮಾಮ. ಇಲ್ಲಿ ಬಳಕೆ ಕಡಿಮೆ ಅಂತ ಬರೆದಿದಾರಲ್ಲ, ಯಾಕೆ?"

"ಅಳತೆಯೋನು ಭಾನುವಾರ ಬಂದಿದ್ದ ಕಣೇ! ಭಾನುವಾರ ದೇವರ ದಿನ, ಗುದ್ದಲಿ ಮುಟ್ಟೋಕಾಗುತ್ತಾ? ಪ್ರಾರ್ಥನೆ ಮುಗಿಸಿ, ಕೋಟು ಹಾಕ್ಕೊಂಡು, ಕೈ ಹಿಂದೆ ಕಟ್ಕೊಂಡು ಗಿಡ ನೋಡ್ತಾ ನಿಂತಿದ್ವಿ. 'ಇಲ್ಲಿ ಯಾರೂ ಕೆಲಸ ಮಾಡಲ್ವಾ?' ಅಂದ. 'ಇವತ್ತು ಮಾಡಲ್ಲ' ಅಂದೆ. ಬರ್ಕೊಂಡ."

ತಲೆ ಚಚ್ಚಿಕೊಳ್ಳುವಂತಾಯಿತು. ಪಟ್ಟಿ ತೆಗೆದು ಒಂದೊಂದೇ ಹೆಸರನ್ನು ಮಾಮನ ಜೊತೆ ತಾಳೆ ನೋಡಿದೆ. ಏಳು ಟಾಮಸರಲ್ಲಿ ಮೂವರು ಸ್ವರ್ಗದಲ್ಲಿದ್ದರು! ಸಹಿ ಹಾಕಿದ್ದು ಅವರ ಹೆಂಡಂದಿರು. ತುಂಡು ಗಂಡನ ಹೆಸರಲ್ಲಿದೆ, ಹಾಗಾಗಿ ಗಂಡನ ಹೆಸರನ್ನೇ ಬರೆದಿದ್ದರು. ನಮ್ಮಲ್ಲಿ ಸತ್ತವರ ತುಂಡಿನ ಹೆಸರು ಬದಲಾಯಿಸುವ ಪದ್ಧತಿಯಿಲ್ಲ. ಅದು ಅವರನ್ನು ಎರಡನೇ ಸಲ ಹೂಳಿದ ಹಾಗೆ ಎನ್ನುತ್ತಾರೆ. ಮೂವರನ್ನೂ ಹುಡುಕಿ, ಬೈಸಿಕೊಂಡು, ಚಹಾ ಕುಡಿದು, ಅವರವರ ಹೆಸರಲ್ಲೇ ಸಹಿ ಹಾಕಿಸಿಕೊಂಡು ಬಂದೆ. ಉಳಿದದ್ದು ಒಂದೇ ಕಾಗದ.

"ಅಪ್ಪನ ಹೆಸರು ಬರೆದಿದ್ಯಾರು, ಮಾಮ?"

ಅವನು ಮುಂದೆ ನಡೆದ. ಇಪ್ಪತ್ತಮೂರನೆಯ ತುಂಡು. ಕಳೆಗಾಡಾಗಿರಬಹುದೆಂದು ಹೆದರಿದ್ದೆ. ಮಣ್ಣು ಅಗೆದು, ಹದ ಮಾಡಿ, ಲೀಕ್ ಗಿಡಗಳು ಸಾಲಾಗಿ ನಿಂತಿದ್ದವು.

"ನಾನೇ ಬರೆದಿದ್ದು. ಹನ್ನೊಂದು ವರ್ಷದಿಂದ ನಾನೇ ನೋಡ್ಕೊಂಡಿದೀನಿ. ಅದೇ ಬೀಜ, ನಿಮ್ಮಪ್ಪಂದು. ರಿಟೈರ್ ಆದ್ಮೇಲೆ ನೀನು ಬರ್ತೀಯ, ಬಂದ್ಮೇಲೆ ಎಲ್ಲಿಗೆ ಅಂತ ಹೋಗ್ತೀಯ?"

ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ. "ಅಯ್ಯೋ, ಏಳೇ, ಗಿಡಕ್ಕೆ ಉಪ್ಪುನೀರು ಬಿದ್ರೆ ಆಗಲ್ಲ" ಎಂದ ಮಾಮ.

"ಈಗ ನೀನು ನಿನ್ನ ಹೆಸರಲ್ಲಿ ಸೈನ್ ಹಾಕು, ಮುಗೀತು" ಎಂದ.

ಹಾಕಬಹುದಿತ್ತು. ಆದರೆ ನನ್ನ ವರದಿಯ ಮೊದಲ ಪುಟದಲ್ಲೊಂದು ಪ್ರಶ್ನೆ ಇದೆ: ತೂಗುವವರಿಗೆ ಈ ಜಾಗದಲ್ಲಿ ಪಾಲಾಗಲಿ ಹಕ್ಕಾಗಲಿ ಇದೆಯೇ? ಹೌದು ಎಂದರೆ ಆ ಕ್ಷಣದಿಂದ ಕಡತ ನನ್ನ ಕೈಬಿಟ್ಟು ರೋಡ್ರಿಯ ಕೈಗೆ. ಅವನು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾನೆ. ವಿದ್ಯುತ್ ಕಾರು, ಹಸಿರು. ಕಲ್ಲಿನ ಮೇಲೆ ಮಣ್ಣು ಹುಟ್ಟಲು ಮೂರು ತಲೆಮಾರು ಬೇಕಾಯಿತೆಂಬುದಕ್ಕೆ ಅವನ ಕಂಪ್ಯೂಟರಿನಲ್ಲಿ ಜಾಗವಿಲ್ಲ. ಇಲ್ಲ ಎಂದರೆ ಅಪ್ಪನ ತುಂಡು ಯಾರದೂ ಅಲ್ಲ, ಕಾಯುತ್ತಿರುವವರಲ್ಲಿ ಮೊದಲಿನವರ ಪಾಲು.

ಎರಡು ವಾರ ನಿದ್ದೆಯಿಲ್ಲದೆ ಬರೆದೆ. ಏಳರಲ್ಲಿ ಐದಕ್ಕೆ ಕೆಂಪು ಹಾಕಿದೆ, ಪ್ರತಿ ಕೆಂಪಿಗೂ ಕಾರಣ ಕೊಟ್ಟೆ. ಬಸ್ಸಿನಲ್ಲಿ ಬಂದ ಲದ್ದಿಯನ್ನೂ ಬರೆದೆ, ಭಾನುವಾರದ ಕೋಟುಗಳನ್ನೂ ಬರೆದೆ. ನಲವತ್ತು ಜನರ ಹೆಸರಿನ ಮುಂದೆ ಅಡ್ಡಹೆಸರು ಸೇರಿಸಿದೆ. ಉಳಿದ ಒಂದರಲ್ಲಿ ಅಪ್ಪನ ಹೆಸರಿನ ಮೇಲೆ ಗೆರೆ ಎಳೆದು "ತೀರಿಕೊಂಡಿದ್ದಾರೆ, ತುಂಡು ಖಾಲಿ" ಎಂದೆ. ಕೊನೆಗೆ ಮೊದಲ ಪುಟಕ್ಕೆ ಬಂದೆ. ಪೆನ್ನು ಎರಡು ಸಲ ಕೆಳಗಿಟ್ಟೆ. ಮೂರನೆಯ ಸಲ "ಇಲ್ಲ" ಎಂದು ಬರೆದೆ.

ಹದಿನೇಳನೆಯ ಅಂಶ ಬಿದ್ದುಹೋಯಿತು, ತೋಟ ಉಳಿಯಿತು. ರೋಡ್ರಿ ತಾನಾಗಿ ಬಂದು "ನಾನಾಗಿದ್ರೆ ಹಸಿರು ಹಾಕ್ಬಿಡ್ತಿದ್ದೆ" ಎಂದ. "ಗೊತ್ತು ಕಣಪ್ಪ" ಎಂದೆ.

ಮೇ ತಿಂಗಳ ಕೊನೆಯಲ್ಲಿ ಗುಡ್ಡಕ್ಕೆ ಹೋದೆ. ಮಾಮ ಮುಖ ಕೊಡಲಿಲ್ಲ.

"ಖಾಲಿ ಅಂತ ಬರೆದ್ಯಂತೆ. ನಿಮ್ಮಪ್ಪನ ಮಣ್ಣನ್ನ."

"ನಂದು ಅಂದಿದ್ರೆ ಎಲ್ಲಾರದ್ದೂ ಹೋಗ್ತಿತ್ತು, ಮಾಮ. ನಿಂದೂ."

ಕೈಯ ಮಣ್ಣು ಒರೆಸಿಕೊಂಡ. ಆಮೇಲೆ ಹೆಗಲ ಮೇಲೆ ಕೈ ಹಾಕಿದ. ಆ ಕೈಯ ಭಾರಕ್ಕೇ ನನಗೆ ಗೊತ್ತಾಯಿತು, ಕ್ಷಮಿಸಿದ್ದಾನೆ, ಆದರೆ ಸಂಕಟ ಹೋಗಿಲ್ಲ.

"ತುಂಡು ಬೇಕು ಅಂತ ಕಾಯ್ತಿರೋರ ಪಟ್ಟೀಲಿ ನನ್ನ ಹೆಸರು ಬರ್ಕೋ" ಎಂದೆ.

"ಹದಿನಾಲ್ಕು ಜನ ಮುಂದಿದಾರೆ ಕಣೇ. ಇಲ್ಲಿ ಯಾರೂ ಬಿಟ್ಟು ಹೋಗಲ್ಲ, ಸತ್ತರೇ ಜಾಗ. ನಾನೇ ಸತ್ರೂ ನಿಂಗೆ ಬರಲ್ಲ."

"ಸಾಯೋ ಮಾತು ಬಿಡು. ಬರ್ಕೋ."

ಬರೆದುಕೊಂಡ. ಮಾತಾಡುತ್ತಾ ಇಪ್ಪತ್ತಮೂರರ ಬಳಿ ಬಂದುಬಿಟ್ಟಿದ್ದೆವು. ನಾನು ಊರು ಬಿಟ್ಟ ಮೇಲೆ ಕೆಳಬೀದಿಗೆ ಬಂದ, ಪಟ್ಟಿಯಲ್ಲಿ ಮೊದಲಿದ್ದ ಹೆಂಗಸೊಬ್ಬಳು ಮೊಣಕಾಲೂರಿ ಏನನ್ನೋ ನೆಡುತ್ತಿದ್ದಳು. ಲೀಕ್ ಇರಲಿಲ್ಲ, ಬೀನ್ಸಿಗೆ ಕಡ್ಡಿ ಚುಚ್ಚಿದ್ದಳು. ಮಣ್ಣು ಮಾತ್ರ ಅದೇ ಕಪ್ಪು. ನನಗರಿವಿಲ್ಲದೆ ಬಗ್ಗಿ ಒಂದು ಹಿಡಿ ತೆಗೆದುಕೊಳ್ಳಲು ಹೆಜ್ಜೆ ಇಟ್ಟೆ.

"ಅಕ್ಕಾ, ಅಲ್ಲಿ ಕಾಲಿಡಬೇಡಿ! ಈಗಷ್ಟೇ ಬಿತ್ತಿದೀನಿ" ಎಂದು ಅವಳು ಕೂಗಿದಳು. ಒರಟಾಗಿಯೇನಲ್ಲ, ತನ್ನ ಜಾಗದವಳು ಹೇಳುವ ಹಾಗೆ.

ಗೆಥಿನ್ ಮಾಮ ಬಾಯಿ ತೆರೆದ. ನಾನು ಅವನ ತೋಳು ಹಿಡಿದು ಒತ್ತಿದೆ.

"ತಪ್ಪಾಯ್ತಮ್ಮ" ಎಂದು ಕಾಲು ಹಿಂದಕ್ಕೆ ತೆಗೆದುಕೊಂಡೆ.