ಬೋರಾನಿಗೆ ಆರೇ ಸಾಕು

ರಾಯಬಾಗದ ಒಂದು ಹೈಸ್ಕೂಲಿನಲ್ಲಿ ಸುಧೀರ ಅತಿಥಿ ಶಿಕ್ಷಕನಾಗಿ ಸೇರಿ ಮೂರು ವರ್ಷವಾಗಿತ್ತು. ಅವನು ಓದಿದ್ದು ಗಣಿತ. ರಸಾಯನಶಾಸ್ತ್ರ ಕಲಿಸುವವರಿಲ್ಲದೆ ಅದೂ ಅವನ ಪಾಲಿಗೇ ಬಂದಿತ್ತು. ಊರಲ್ಲಿ ತನ್ನವರೆಂಬವರು ಯಾರೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ, ಎರಡು ಹೊತ್ತು ಖಾನಾವಳಿಯ ರೊಟ್ಟಿ. ಭಾನುವಾರ ಬಂತೆಂದರೆ ಯಾರೊಡನೆಯೂ ಮಾತಾಡುವ ಪ್ರಸಂಗವೇ ಬರುತ್ತಿರಲಿಲ್ಲ. ಹಾಗಾಗಿ ತರಗತಿಯಲ್ಲಿ ಪಾಲಬಾವಿ ಎಂಬ ಹಳ್ಳಿಯಿಂದ ಬರುತ್ತಿದ್ದ ಮಯೂರಿ ಕೈ ಎತ್ತಿ ಏನಾದರೂ ಕೇಳಿದರೆ ಅವನಿಗೆ ಖುಷಿಯಾಗುತ್ತಿತ್ತು. ಉಳಿದವರು ಸುಮ್ಮನೆ ಬರೆದುಕೊಳ್ಳುತ್ತಿದ್ದರು, ಅಷ್ಟೇ.

ಆ ದಿನ ಮಾತ್ರ ಖುಷಿಯಾಗಲಿಲ್ಲ. ಹೈಡ್ರೋಜನ್, ಹೀಲಿಯಂ ಬಿಟ್ಟರೆ ಎಲ್ಲ ಪರಮಾಣುಗಳಿಗೂ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನು ಆಗಲೇಬೇಕು ಎಂದು ಅವನು ಬೋರ್ಡಿನ ಮೇಲೆ ಬರೆದಿದ್ದ.

“ಸರ್, ಬೋರಾನ್‌ಗೆ ಆರ ಇದ್ರೂ ನಡೀತೈತಂತ್ರಿ. ನಮ್ಮಕ್ಕನ ಪಿಯುಸಿ ಪುಸ್ತಕದಾಗ ಐತ್ರಿ,” ಎಂದಳು ಮಯೂರಿ.

ಅವನಿಗೆ ಅದು ಗೊತ್ತಿರಲಿಲ್ಲ. “ನಾ ಬರದಷ್ಟ ಬರ್ಕೋ. ಭಾಳ ಶಾಣ್ಯಾತನ ಬ್ಯಾಡ,” ಎಂದುಬಿಟ್ಟ. ತರಗತಿಯೆಲ್ಲ ನಕ್ಕಿತು.

ಖೋಲಿಗೆ ಬಂದವನೇ ಮೊಬೈಲಿನಲ್ಲಿ ಹುಡುಕಿದ. ಹುಡುಗಿ ಹೇಳಿದ್ದೇ ಖರೆ. ಮರುದಿನ ಒಪ್ಪಿಕೊಳ್ಳಬೇಕೆಂದುಕೊಂಡ, ಆದರೆ ತರಗತಿಗೆ ಹೋಗಿ ನೇರ ಮುಂದಿನ ಪಾಠ ತೆಗೆದ. ಅದರ ಮರುದಿನದಿಂದ ಅವಳು ಬರಲೇ ಇಲ್ಲ.

ಭಾನುವಾರ ಪಾಲಬಾವಿಯ ಬಸ್ ಹತ್ತಿದ. ಮನೆ ಕೇಳಿಕೊಂಡು ಹೋದಾಗ ಅಂಗಳದಲ್ಲಿ ಅವಳ ಅಜ್ಜಿ ಅಕ್ಕುತಾಯಿ ಶೇಂಗಾ ಹರವುತ್ತಿದ್ದಳು.

“ಬರ್ರಿ ಸರ. ಸಾಲಿಗಿ ಹೋಗಂಗಿಲ್ಲ ಅಂತ ಕುಂತಾಳ್ರಿ. ಏನಾಗೈತಿ ಅಂದ್ರ ಬಾಯಿ ಬಿಡವಲ್ಲಳು.”

ಮಯೂರಿ ಹೊರಗೆ ಬಂದು ಬಾಗಿಲಲ್ಲೇ ನಿಂತಳು.

“ತಪ್ಪ ನಂದ ಐತಿ ಮಯೂರಿ,” ಎಂದ ಸುಧೀರ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಮೇಲೆ ಕಡ್ಡಿಯಿಂದ ಚುಕ್ಕಿ ಇಟ್ಟ. “ಬೋರಾನ್ ಕಡೆ ಹಂಚ್ಕೊಳ್ಳಾಕ ಇರೂದ ಮೂರು ಎಲೆಕ್ಟ್ರಾನು. ಮೂರು ಫ್ಲೋರಿನ್ ಬಂದು ಒಂದೊಂದು ಕೂಡಿಸಿದ್ರ ಆರು. ಮುಂದ ಜೋಡಿ ಮಾಡಾಕ ಅದರ ಕಡೆ ಏನೂ ಉಳದಿಲ್ಲ. ಬೆರಿಲಿಯಂಗ ಇರೂದ ಎರಡು, ಅದಕ್ಕ ಅದು ನಾಕಕ್ಕ ನಿಲ್ಲತೈತಿ.”

ಅವಳು ಬಾಗಿ ನೋಡಿದಳು. “ಇನ್ನೆರಡು ಯಾರರ ಕೊಟ್ರ ತಗೋತೈತೇನ್ರಿ ಬೋರಾನ್?”

“ತಗೋತೈತಿ. ಅಮೋನಿಯಾ ಕೊಡತೈತಿ.”

ಮಯೂರಿ ಮಣ್ಣಿನ ಮೇಲಿನ ಚುಕ್ಕಿಗಳನ್ನು ಎಣಿಸಿದಳು. “ಇದನ್ನ ಕ್ಲಾಸಿನ್ಯಾಗ ಹೇಳಬೇಕಿತ್ರಿ ಸರ್. ಎಲ್ಲಾರೂ ನಕ್ರಲ್ರಿ,” ಎಂದು ಒಳಗೆ ಹೋದಳು.

ಅಜ್ಜಿ ಚಹಾ ತಂದುಕೊಟ್ಟಳು. ಒಂದು ಮನೆಯಲ್ಲಿ ಕೂತು ಚಹಾ ಕುಡಿದು ಎಷ್ಟು ದಿನವಾಗಿತ್ತೋ, ಅವನಿಗೇ ನೆನಪಿರಲಿಲ್ಲ.

ಸೋಮವಾರ ಎಲ್ಲರೆದುರು ಹೇಳಿದ. “ಅವತ್ತ ಮಯೂರಿ ಹೇಳಿದ್ದ ಖರೇ, ನಾ ಹೇಳಿದ್ದ ತಪ್ಪು.” ಯಾರೂ ನಗಲಿಲ್ಲ, ಹಳೆಯದನ್ನು ಹೊಡೆದುಹಾಕಿ ಹೊಸದಾಗಿ ಬರೆದುಕೊಂಡರು. ಮಯೂರಿ ಬಂದಿದ್ದಳು, ಆದರೆ ತಲೆ ಎತ್ತಲಿಲ್ಲ. ಎರಡು ವಾರ ಅವನು ಗೋಡೆಗೆ ಪಾಠ ಹೇಳಿದಂತೆ ಹೇಳಿದ.

ಮೂರನೆಯ ವಾರ, ಒಂದು ಗುರುವಾರ, ಅವಳ ಕೈ ಮೇಲೆದ್ದಿತು.

ಸಂಜೆ ಖಾನಾವಳಿಯಲ್ಲಿ ಅದನ್ನು ಯಾರಿಗಾದರೂ ಹೇಳಬೇಕೆನಿಸಿತು. ಮಾಲೀಕ ಮಾಯಪ್ಪ ರೊಟ್ಟಿ ಬಡಿಸಿ ಮುಂದಿನ ಮೇಜಿಗೆ ಹೋದ. ಸುಧೀರ ಉಂಡು, ಕೈ ತೊಳೆದು, ಖೋಲಿಯತ್ತ ನಡೆದ.